ಅಪ್‌ಡೇಟ್: ಯೆಜ್ಡಿ ನಿಲ್ಲುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿದ ಮೇಲೂ ಅಪ್ಪನ 1984ರ ಯೆಜ್ಡಿ ಬೈಕ್ ನಾಲ್ಕೈದು ಕಿ.ಮೀ. ಓಡಿ ನಿಂತುಬಿಡುತ್ತದೆ, ಐದು ನಿಮಿಷ ಬಿಟ್ಟರೆ ಮತ್ತೆ ಶುರುವಾಗುತ್ತದೆ, ಏಕೆ ಎಂದು ಕೇಳಿದ್ದೆನಲ್ಲ, ಈಗ ಸರಿಹೋಗಿದೆ. ಪ್ಲಗ್, ಕಂಡೆನ್ಸರ್ ಬದಲಿಸಿದೆ, ಕಾರ್ಬ್ಯುರೇಟರ್ ಎರಡು ಸಲ ತೊಳೆದೆ, ಏನೂ ಉಪಯೋಗವಾಗಲಿಲ್ಲ. ಕೆಲಸಕ್ಕೆ ಬಂದದ್ದು ಗದಗಿನ ಹಿರಿಯರೊಬ್ಬರ ಮಾತು: “ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆದು ನೋಡಿರಿ.” ಉಣಕಲ್ ಕೆರೆಯ ಬಳಿ ನಿಂತಾಗ ತೆರೆದೆ. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು, ಸ್ವಲ್ಪ ಹೊತ್ತಿಗೆ ಒಂದೇ ಕಿಕ್ಕಿಗೆ ಗಾಡಿ ಶುರು! ಪಾಲಿಶ್ ಮಾಡಿಸಿದಾಗ ಮುಚ್ಚಳದ ಗಾಳಿರಂಧ್ರದಲ್ಲಿ ಉಳಿದ ಮೇಣ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಗಾಳಿಯಾಡದೆ ಪೆಟ್ರೋಲ್ ಕೆಳಗಿಳಿಯುತ್ತಿರಲಿಲ್ಲ. ಐದು ನಿಮಿಷ ಬಿಟ್ಟರೆ ಮತ್ತೆ ಶುರುವಾಗುತ್ತಿದ್ದುದೂ ಇದರಿಂದಲೇ. ಅಷ್ಟರಲ್ಲಿ ಗಾಳಿ ಮೆಲ್ಲಗೆ ಒಳಸೇರುತ್ತಿತ್ತು. ತೆಳು ತಂತಿಯಿಂದ ಚುಚ್ಚಿ ತೆಗೆದೆ. ನಿನ್ನೆ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹುಬ್ಬಳ್ಳಿಯಿಂದ ಧಾರವಾಡದವರೆಗೆ, ಸುಮಾರು 20 ಕಿ.ಮೀ., ಹೋಗಿ ಬಂದೆ. ಎಲ್ಲಿಯೂ ನಿಲ್ಲಲಿಲ್ಲ.