ಹೆದ್ದಾರಿ 93: ತಡವಾದದ್ದು ಯಾರಿಂದ?

ಗುಂಪು: ಸಿವಿಲ್ ಗೆಳೆಯರು

ರಮೇಶ, ಬೆಳಿಗ್ಗೆ 7.10
(ಫಾರ್ವರ್ಡ್ ಮಾಡಿದ ಚಿತ್ರ: ಅಮೆರಿಕದ ಮೊಂಟಾನಾದಲ್ಲಿ ಹೆದ್ದಾರಿ 93ರ ಮೇಲೆ ವನ್ಯಪ್ರಾಣಿಗಳಿಗಾಗಿ ಕಟ್ಟಿದ ಸೇತುವೆ)

ಶ್ರೀಧರ, 7.24
ಸೇತುವೆ ಸೊಗಸಾಗಿದೆ. ಆದರೆ ಬುಡಕಟ್ಟಿನವರು ಒಪ್ಪಲಿಲ್ಲವೆಂದು ಈ ರಸ್ತೆಯ ವಿಸ್ತರಣೆ 1990ರ ದಶಕದಲ್ಲಿ ವರ್ಷಗಟ್ಟಲೆ ನಿಂತಿತ್ತೆಂಬುದನ್ನು ಚಿತ್ರ ಕಳುಹಿಸುವವರು ಹೇಳುವುದಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ತಲೆ ನರೆಸಿಕೊಂಡವನಾಗಿ ಕೇಳುತ್ತೇನೆ: ಒಂದು ರಸ್ತೆಗೆ ಎಷ್ಟು ಸರ್ಕಾರಗಳ ಸಹಿ ಬೇಕು?

ವಸುಧಾ, 7.51
ಮೂರು, ಶ್ರೀಧರ. ಈ ರಸ್ತೆ ಹಾದುಹೋಗುವ ಫ್ಲಾಟ್‌ಹೆಡ್ ಮೀಸಲು ಪ್ರದೇಶದ ಸೇಲಿಶ್ ಮತ್ತು ಕೂಟೆನಾಯ್ ಬುಡಕಟ್ಟುಗಳ ಸರ್ಕಾರ, ಮೊಂಟಾನಾದ ಸಾರಿಗೆ ಇಲಾಖೆ, ಒಕ್ಕೂಟ ಸರ್ಕಾರದ ಹೆದ್ದಾರಿ ಆಡಳಿತ, ಮೂರೂ 2000ದ ಡಿಸೆಂಬರ್‌ನಲ್ಲಿ ಸಹಿ ಹಾಕಿದವು. ಅದಕ್ಕೆ ಮೊದಲು ರಾಜ್ಯವು ಪಥಗಳ ಸಂಖ್ಯೆಯನ್ನೇ ಮುಂದಿಟ್ಟುಕೊಂಡು ಮಾತಾಡುತ್ತಿತ್ತು. ರಸ್ತೆಯೇ ಇಲ್ಲಿ ಅತಿಥಿ, ಅದು ನೆಲದ ಮರ್ಯಾದೆ ಕಾಯಬೇಕು ಎಂಬ ಬುಡಕಟ್ಟಿನವರ ಮಾತನ್ನು ವಿನ್ಯಾಸದ ಸೂತ್ರವಾಗಿ ಒಪ್ಪಿಕೊಂಡ ಮೇಲೆ, ಎವರೊದಿಂದ ಪೋಲ್ಸನ್‌ವರೆಗಿನ ಸುಮಾರು 90 ಕಿ.ಮೀ.ನಲ್ಲಿ ಹೆಚ್ಚಿನ ಭಾಗಕ್ಕೆ ದಾರಿ ತೆರೆಯಿತು. ಪ್ರಾಣಿಗಳಿಗೂ ಮೀನುಗಳಿಗೂ 40ರಷ್ಟು ದಾಟುದಾರಿಗಳಾದವು. ಫಲಕಗಳಲ್ಲಿ ಅವರ ಭಾಷೆಗಳೂ ಇವೆ.

ಶ್ರೀಧರ, 8.05
ಅಲ್ಲಿನ ನಿವಾಸಿಗಳಲ್ಲಿ ಹೆಚ್ಚಿನವರು ಬುಡಕಟ್ಟಿನವರೇ ಅಲ್ಲ. ಹಾಗಿರುವಾಗ ಉಳಿದವರಂತೆ ಅವರೂ ಸಾರ್ವಜನಿಕ ಅಹವಾಲು ಸಭೆಗೆ ಬಂದು ಹೇಳಿದರೆ ಸಾಲದೇ?

ವಸುಧಾ, 8.32
ಸಾಲದು. ಒಕ್ಕೂಟ ಸರ್ಕಾರದೊಡನೆ ಮಾಡಿಕೊಂಡ 1855ರ ಹೆಲ್‌ಗೇಟ್ ಒಪ್ಪಂದದಲ್ಲಿ ಬುಡಕಟ್ಟುಗಳು ತಮಗೆಂದು ಉಳಿಸಿಕೊಂಡ ನೆಲವನ್ನು ಒಕ್ಕೂಟ ಸರ್ಕಾರವೇ 1910ರಲ್ಲಿ ಹೊರಗಿನ ವಲಸಿಗರಿಗೆ ತೆರೆಯಿತು. ಅವರು ಅಲ್ಪಸಂಖ್ಯಾತರಾದದ್ದು ಹಾಗೆ. ಅಹವಾಲು ಸಭೆ ಪ್ರಜೆಗಳಿಗೆ. ಸರ್ಕಾರದೊಡನೆ ಸರ್ಕಾರವೇ ಕೂತು ಮಾತಾಡಬೇಕು. ಒಕ್ಕೂಟದ ಇಲಾಖೆಗಳು ಬುಡಕಟ್ಟು ಸರ್ಕಾರಗಳೊಡನೆ ಸಮಾಲೋಚಿಸಬೇಕೆಂದು 2000ದ ನವೆಂಬರ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಆದೇಶವನ್ನೇ ಹೊರಡಿಸಿದರು.

ತಡದ ಲೆಕ್ಕ ಬೇಕಿದ್ದರೆ ನಾನಿರುವ ವಾಷಿಂಗ್ಟನ್ ರಾಜ್ಯದ್ದನ್ನು ನೋಡು. ಹುಡ್ ಕಾಲುವೆಯ ತೇಲು ಸೇತುವೆಗೆ ಭಾಗಗಳನ್ನು ಕಟ್ಟಲೆಂದು 2003ರಲ್ಲಿ ಪೋರ್ಟ್ ಏಂಜಲೀಸ್‌ನಲ್ಲಿ ಅಗೆತ ಆರಂಭವಾಯಿತು. ಅಲ್ಲಿ ಸಿಕ್ಕಿದ್ದು ಲೋವರ್ ಎಲ್ವಾ ಕ್ಲಾಲಮ್ ಜನರ ಪುರಾತನ ಗ್ರಾಮ ಚೆ-ವಿಟ್-ಜೆನ್, ಅದರೊಳಗೆ 300ಕ್ಕೂ ಹೆಚ್ಚು ಪೂರ್ವಜರ ಸಮಾಧಿಗಳು. 2004ರ ಡಿಸೆಂಬರ್‌ನಲ್ಲಿ ರಾಜ್ಯವು ಆ ಜಾಗವನ್ನೇ ಕೈಬಿಟ್ಟಿತು. ಅಷ್ಟರಲ್ಲಿ 5 ಕೋಟಿ ಡಾಲರಿಗೂ ಹೆಚ್ಚು ಖರ್ಚಾಗಿತ್ತು. ಬುಡಕಟ್ಟಿನ ಹಿರಿಯರನ್ನು ಜಾಗ ಆರಿಸುವ ಮೊದಲೇ ಕೂರಿಸಿಕೊಂಡು ಕೇಳಿದ್ದರೆ ಎಷ್ಟು ಖರ್ಚಾಗುತ್ತಿತ್ತು ಎಂಬ ಅಂದಾಜುಪಟ್ಟಿಯನ್ನು ನೀನೇ ಬರೆ.

ರಮೇಶ, 8.40
ನಮ್ಮ ಬಂಡೀಪುರದ ರಾತ್ರಿ ಸಂಚಾರ ನಿಷೇಧದ ಜಗಳದಲ್ಲಿ ಕರ್ನಾಟಕ, ಕೇರಳ, ನ್ಯಾಯಾಲಯ ಎಲ್ಲರ ದನಿಯೂ ಕೇಳಿಸಿತು. ಜೇನುಕುರುಬರು, ಸೋಲಿಗರು ಏನೆನ್ನುತ್ತಾರೆಂದು ಈ ಗುಂಪಿನಲ್ಲಿ ನಾವೂ ಒಮ್ಮೆಯೂ ಕೇಳಿಕೊಂಡಿಲ್ಲ.

ಶ್ರೀಧರ, 9.02
ಬಂಡೀಪುರವನ್ನು ಇದರೊಳಗೆ ಎಳೆಯಬೇಡ. ಅಲ್ಲಿ ಒಪ್ಪಂದವೂ ಇಲ್ಲ, ಬುಡಕಟ್ಟು ಸರ್ಕಾರವೂ ಇಲ್ಲ. ಪೋರ್ಟ್ ಏಂಜಲೀಸ್ ವಿಷಯದಲ್ಲಿ ತಪ್ಪು ರಾಜ್ಯದ್ದೇ, ಒಪ್ಪುತ್ತೇನೆ. ಆದರೆ ಹೆದ್ದಾರಿ 93ರಲ್ಲಿ ನೈನ್‌ಪೈಪ್‌ನ ಜೌಗು ಭಾಗ ಸಹಿಯಾದ ಮೇಲೂ ಬಹುಕಾಲ ಬಾಕಿ ಉಳಿಯಿತಲ್ಲ, ಅದಕ್ಕೇನು ಹೇಳುತ್ತೀ?

ವಸುಧಾ, 9.15
ಉಳಿಯಿತು, ನಿಜ. ಆ ಭಾಗಕ್ಕೆ ಪರಿಸರ ಪರಿಣಾಮದ ಪ್ರತ್ಯೇಕ ಅಧ್ಯಯನ ಬೇಕೆಂದು 2000ದಲ್ಲಿ ಸಹಿ ಹಾಕಿದ ಮೂವರೇ ಬದಿಗಿಟ್ಟಿದ್ದರು. ಅಲ್ಲಿನ ಪ್ರಾಣಿ ಸೇತುವೆಗೆಂದು 2023ರಲ್ಲಿ ಒಕ್ಕೂಟದ ಅನುದಾನ ಮಂಜೂರಾದದ್ದು ಬುಡಕಟ್ಟು ಸರ್ಕಾರದ ಹೆಸರಿಗೆ.

ಶ್ರೀಧರ, 9.21
ಆ ಸೇತುವೆಯ ನಕ್ಷೆ ಇದ್ದರೆ ಕಳುಹಿಸು. ಜೌಗಿನಲ್ಲಿ ಅಡಿಪಾಯ ಹೇಗೆ ಹಾಕುತ್ತಾರೋ ನೋಡಬೇಕು.