ಸಹಾಯ ಬೇಕು: 13 ವರ್ಷದ ಚೆನ್ನಿಯನ್ನು ಕಳುಹಿಸಿಕೊಡುವುದು ಹೇಗೆ?

ಸದಸ್ಯರೆಲ್ಲರಿಗೂ ನಮಸ್ಕಾರ.

ನಮ್ಮ ಮುಧೋಳ ನಾಯಿ ಚೆನ್ನಿಗೆ ಈಗ 13 ವರ್ಷ. ಮೂತ್ರಪಿಂಡಗಳು ಕೈಕೊಟ್ಟಿದ್ದು, ಎರಡು ತಿಂಗಳಿಂದ ದಿನ ಬಿಟ್ಟು ದಿನ ಚರ್ಮದಡಿ ಸಲೈನ್ ಕೊಡಿಸುತ್ತಿದ್ದರೂ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡಗಳು ಸೋಸಿ ಹೊರಹಾಕಬೇಕಾದ ತ್ಯಾಜ್ಯ) ಇಳಿಯುತ್ತಿಲ್ಲ. ಮೊಲ ಕಣ್ಣಿಗೆ ಬಿದ್ದರೆ ಜೋಳದ ಹೊಲವನ್ನೇ ಸೀಳಿಕೊಂಡು ಓಡುತ್ತಿದ್ದವಳು ಈಗ ಮೊಸರಲ್ಲಿ ಅದ್ದಿದ ರೊಟ್ಟಿಯ ಚೂರಿಗೂ ಮೂತಿ ತಿರುಗಿಸುತ್ತಾಳೆ. ಆದರೆ ಚಿಲಕದ ಸದ್ದಾದರೆ ಮಲಗಿದಲ್ಲಿಂದಲೇ ಬಾಲದ ತುದಿಯನ್ನು ಎರಡು ಸಲ ನೆಲಕ್ಕೆ ಬಡಿಯುತ್ತಾಳೆ. ಆ ಎರಡು ಬಡಿತಗಳೇ ನಮ್ಮನ್ನು ನಿರ್ಧಾರದಿಂದ ಹಿಂದೆ ಎಳೆಯುತ್ತಿವೆ.

ಪಶುವೈದ್ಯರು ದಯಾಮರಣದ ಮಾತೆತ್ತಿದ್ದಾರೆ. ಮೊದಲು ಮಂಪರು ಬರಿಸಿ, ಬಳಿಕ ಅರಿವಳಿಕೆ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರಂತೆ. ಔಷಧ ದೇಹದಲ್ಲೇ ಉಳಿಯುವುದರಿಂದ ಬಾವಿಯಿಂದ ದೂರ, ಬೇರೆ ಪ್ರಾಣಿಗಳು ಕೆದರದಷ್ಟು ಆಳದಲ್ಲಿ ಹೂಳಬೇಕೆಂದಿದ್ದಾರೆ. ಹೊಲದ ಬೇವಿನ ಮರದ ಬಳಿ ಜಾಗ ನೋಡಿಟ್ಟಿದ್ದೇವೆ.

ನನಗೆ ತಿಳಿಯದಿರುವುದು ಬೇರೆ. ಇದನ್ನು ಅನುಭವಿಸಿದವರು ‘ಇನ್ನು ಸಾಕು’ ಎಂಬ ದಿನವನ್ನು ಹೇಗೆ ಗುರುತಿಸಿದಿರಿ? ಚೆನ್ನಿಯ ಜೊತೆಗೇ ಬೆಳೆದ ನನ್ನ 7 ವರ್ಷದ ಮಗಳಿಗೆ ‘ಅವಳನ್ನು ಮಲಗಿಸುತ್ತಾರೆ’ ಎನ್ನಲು ಮನಸ್ಸಿಲ್ಲ, ಏಕೆಂದರೆ ಆಮೇಲೆ ಮಕ್ಕಳು ನಿದ್ದೆಗೇ ಹೆದರುವುದುಂಟು. ಸತ್ಯವನ್ನು ಯಾವ ಮಾತಿನಲ್ಲಿ ಹೇಳಿದಿರಿ, ಕೊನೆಯ ಗಳಿಗೆಯಲ್ಲಿ ಮಗುವನ್ನು ಹತ್ತಿರ ಇರಿಸಿಕೊಂಡಿರಾ? (‘ಇನ್ನೊಂದು ಮರಿ ತನ್ನಿ’ ಎಂಬ ಸಲಹೆ ಬಂಧುಗಳಿಂದ ಈಗಾಗಲೇ ಸಾಕಷ್ಟು ಬಂದಿದೆ, ದಯವಿಟ್ಟು ಅದೊಂದು ಬೇಡ.)

ವೈದ್ಯರು ಶನಿವಾರ ಮನೆಗೆ ಬರಲಿದ್ದಾರೆ. ಅದಕ್ಕೂ ಮೊದಲು ತಾವು ಬರೆದರೆ ಉಪಕಾರವಾಗುತ್ತದೆ.