ಪ್ರಶ್ನೋತ್ತರ: ಕರಾವಳಿಯ ಮಳೆಯಲ್ಲಿ ರೋಲರ್ ಪಾರಿವಾಳಕ್ಕೆ ಎಂಥ ಗೂಡು ಬೇಕು?

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ನಮ್ಮ ಮನೆ ಉಡುಪಿಯ ಸಂತೆಕಟ್ಟೆಯ ಹತ್ತಿರ ಇದೆ. ಪಾರಿವಾಳ ಸಾಕಿ ನನಗೆ ಅನುಭವವಿಲ್ಲ. ಗೆಳೆಯರೊಬ್ಬರು ಈ ಜೂನ್ ಕೊನೆಗೆ, ಹಾರುತ್ತಾ ಲಾಗ ಹಾಕುವ ಹತ್ತು ಬರ್ಮಿಂಗ್‌ಹ್ಯಾಮ್ ರೋಲರ್ ಪಾರಿವಾಳಗಳನ್ನು ಕೊಡುವುದಾಗಿ ಹೇಳಿದ್ದಾರೆ. ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟಿಗೆ ಜಾಲರಿ ಹೊಡೆಸಿ, ಮಳೆ ತಾಗದ ಹಾಗೆ ನಾಲ್ಕೂ ಬದಿಗೆ ಟಾರ್ಪಾಲು ಕಟ್ಟಿದರೆ ಸಾಕಾಗಬಹುದೇ? ಕುಚ್ಚಲಕ್ಕಿ ಮಾತ್ರ ಹಾಕಿ ಸಾಕಬಹುದೇ? ಅಂಗಳದಲ್ಲಿ ಐದಾರು ತೆಂಗಿನ ಮರಗಳಿವೆ, ಅದರಿಂದ ತೊಂದರೆ ಇದೆಯೇ?

ಉತ್ತರ: ನಮಸ್ಕಾರ. ಹಕ್ಕಿ ತರುವ ಮೊದಲೇ ಕೇಳಿದಿರಲ್ಲ, ಅದು ನನಗೆ ಬಹಳ ಸಮಾಧಾನ ತಂದಿತು. ದಯವಿಟ್ಟು ಜೂನ್‌ನಲ್ಲಿ ತರಬೇಡಿ. ಗೂಡನ್ನು ಈಗಲೇ ಕಟ್ಟಿಸಿ, ಒಂದು ಮಳೆಗಾಲ ಅದು ಖಾಲಿಯಾಗಿಯೇ ಇರಲಿ. ಎಲ್ಲಿ ಸೋರುತ್ತದೆ, ಯಾವ ಕಡೆಯಿಂದ ಎರಚಲು ಹೊಡೆಯುತ್ತದೆ, ಯಾವ ಮೂಲೆ ಮೂರು ದಿನವಾದರೂ ಒಣಗುವುದಿಲ್ಲ ಎಂಬುದನ್ನು ನೋಡಿಟ್ಟುಕೊಂಡು, ನವರಾತ್ರಿ ಕಳೆದ ಮೇಲೆ ಹಕ್ಕಿಗಳನ್ನು ತನ್ನಿ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ನಮ್ಮೂರಿನಲ್ಲಿ ಪಾರಿವಾಳವನ್ನು ಕೊಲ್ಲುವುದು ಚಳಿಯಲ್ಲ, ಹಸಿವೂ ಅಲ್ಲ, ತೇವ ಹಿಡಿದ ಗೂಡು. ಒದ್ದೆ ಹಿಕ್ಕೆಯಲ್ಲಿ ಕಾಕ್ಸಿಡಿಯಾ ರೋಗಾಣು ಬಲಿಯುತ್ತದೆ, ಬೂಷ್ಟು ಶ್ವಾಸಕೋಶಕ್ಕೆ ಇಳಿಯುತ್ತದೆ, ಸೊಳ್ಳೆಗಳಿಂದ ಪಾರಿವಾಳದ ಸಿಡುಬು ಹರಡುತ್ತದೆ.

ನಾಲ್ಕೂ ಬದಿಗೆ ಟಾರ್ಪಾಲು ಕಟ್ಟುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಮಳೆ ನಿಲ್ಲುತ್ತದೆ, ಆದರೆ ಒಳಗಿನ ಉಸಿರಿನ ಆವಿ ಮತ್ತು ಹಿಕ್ಕೆಯ ಅಮೋನಿಯಾ ಹೊರಗೆ ಹೋಗುವುದಿಲ್ಲ. ಬೆಳಿಗ್ಗೆ ಗೂಡಿನ ಬಾಗಿಲು ತೆರೆದಾಗ ನಿಮ್ಮ ಕಣ್ಣು ಉರಿದರೆ, ಇಡೀ ರಾತ್ರಿ ಅದರಲ್ಲೇ ಕುಳಿತ ಹಕ್ಕಿಯ ಗತಿ ಏನೆಂದು ಯೋಚಿಸಿ. ನಮ್ಮಲ್ಲಿ ಮಳೆಗಾಳಿ ಬೀಸುವುದು ಕಡಲಿನಿಂದ, ಅಂದರೆ ಪಡುವಣ ಮತ್ತು ನೈಋತ್ಯದಿಂದ. ಆದ್ದರಿಂದ ಪಡುವಣ ಮತ್ತು ತೆಂಕಣ ಬದಿಗಳನ್ನು ಹಲಗೆಯಿಂದ ಮುಚ್ಚಿ, ಮೂಡಣದ ಮುಖವನ್ನು ಪೂರ್ತಿ ಜಾಲರಿಗೆ ಬಿಡಿ. ಮಾಡು ಮುಂದಕ್ಕೆ ಮೂರಡಿಯಾದರೂ ಚಾಚಿರಲಿ, ಗೋಡೆ ಮತ್ತು ಮಾಡಿನ ನಡುವೆ ಗಾಳಿ ಹೊರಡಲು ಒಂದು ಗೇಣು ಜಾಲರಿ ಇರಲಿ. ನೆಲಮಟ್ಟದಿಂದ ಎರಡಡಿ ಎತ್ತರಕ್ಕೆ ಅಡಿಕೆ ದಬ್ಬೆಗಳನ್ನು ಬೆರಳು ಹೋಗುವಷ್ಟು ಸಂದು ಬಿಟ್ಟು ಹೊಡೆದರೆ ಹಿಕ್ಕೆ ಕೆಳಗೆ ಬೀಳುತ್ತದೆ. ಆ ತಳದ ಅಡಿಗೂ ಜಾಲರಿ ಬೇಕು. ಜಾಲರಿಯ ಕಣ್ಣು ಅರ್ಧ ಇಂಚಿಗಿಂತ ದೊಡ್ಡದಾಗಬಾರದು, ಏಕೆಂದರೆ ಇಲಿ ಮತ್ತು ಹಾವು ಅದಕ್ಕಿಂತ ಸ್ವಲ್ಪ ದೊಡ್ಡ ಕಿಂಡಿಯಲ್ಲಿ ನುಸುಳಬಲ್ಲವು. ಕಬ್ಬೆಕ್ಕಿಗೆ ತಾರಸಿ ಎತ್ತರವೇ ಅಲ್ಲ, ಅಗುಳಿ ಗಟ್ಟಿಯಾಗಿರಲಿ. ಹತ್ತು ಹಕ್ಕಿಗಳಿಗೆ ಆರಡಿ ಉದ್ದ, ನಾಲ್ಕಡಿ ಅಗಲ, ಆಳು ನಿಲ್ಲುವಷ್ಟು ಎತ್ತರ ಇದ್ದರೆ ಗುಡಿಸುವುದೂ ಸುಲಭ.

ಕುಚ್ಚಲಕ್ಕಿ ಒಂದೇ ಸಾಲದು. ಜೋಳ, ಸಜ್ಜೆ, ಗೋಧಿಯ ಜೊತೆಗೆ ಹೆಸರುಕಾಳು ಅಥವಾ ಬಟಾಣಿ ಬೆರೆಸಿ, ಹಕ್ಕಿಯೊಂದಕ್ಕೆ ದಿನಕ್ಕೆ ಸುಮಾರು 30 ಗ್ರಾಂ ಕೊಡಿ. ನಮ್ಮ ಅಡುಗೆಮನೆಯಲ್ಲಿ ಉಳಿಯುವ ಮರುವಾಯಿ ಚಿಪ್ಪನ್ನು ತೊಳೆದು ಒಣಗಿಸಿ ಕುಟ್ಟಿಟ್ಟರೆ ಸುಣ್ಣದ ಅಂಶಕ್ಕೆ ಅದಕ್ಕಿಂತ ಒಳ್ಳೆಯದು ಬೇಡ; ಹಕ್ಕಿಯ ಹೊಟ್ಟೆಯೊಳಗೆ ಕಾಳು ಅರೆಯಲು ಸಣ್ಣ ಹರಳುಕಲ್ಲನ್ನು ಬೇರೆಯಾಗಿ ಇಡಿ. ಮಳೆಗಾಲದಲ್ಲಿ ಕಾಳಿನ ಚೀಲದೊಳಗೆ ಮೊಣಕೈವರೆಗೆ ಕೈಯಿಟ್ಟು ನೋಡಿ: ನಡುವೆ ಬೆಚ್ಚಗಿದ್ದು ಮುಗ್ಗಲು ವಾಸನೆ ಬಂದರೆ ಬೂಷ್ಟು ಹಿಡಿದಿದೆ ಎಂದೇ ಅರ್ಥ. ಅದನ್ನು ಬಿಸಿಲಿಗೆ ಹಾಕಿ ಮತ್ತೆ ಕೊಡಬೇಡಿ, ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ವಿಷ ಬಿಸಿಲಿಗೆ ಪೂರ್ತಿ ಹೋಗುವುದಿಲ್ಲ.

ಇನ್ನು ತೆಂಗಿನ ಮರಗಳ ವಿಷಯ. ರೋಲರ್ ಹಾರುತ್ತಾ ಹಿಮ್ಮುಖವಾಗಿ ಲಾಗ ಹಾಕುವುದು ಕಲಿಸಿದ ವಿದ್ಯೆಯಲ್ಲ, ತಳಿಯಿಂದ ಬಂದ ಗುಣ. ಲಾಗದ ನಡುವೆ ಅದು ಹತ್ತಾರು ಅಡಿ ಕೆಳಗಿಳಿಯುತ್ತದೆ, ಆಗ ದಾರಿ ಬದಲಿಸಲಾರದು. ತಂತಿ, ಮಡಲು, ಮಾಡಿನ ಅಂಚು ಅದಕ್ಕೆ ಪ್ರಾಣಾಂತಿಕ. ಹಿಂಡು ಮರಗಳ ಮೇಲೆ ಎತ್ತರಕ್ಕೆ ಏರಿ ಹಾರುತ್ತಿದ್ದರೆ ತೊಂದರೆ ಕಡಿಮೆ, ಆದರೆ ಹೊಸ ಮರಿಗಳು ತಗ್ಗಿನಲ್ಲೇ ಸುತ್ತುತ್ತವೆ. ವಿದ್ಯುತ್ ತಂತಿ ಹತ್ತಿರದಲ್ಲೇ ಹಾದುಹೋಗಿದ್ದರೆ, ಬೇಸರವಾದರೂ ಹೇಳುತ್ತೇನೆ, ಆ ಜಾಗ ರೋಲರ್ ಹಾರಿಸಲು ಯೋಗ್ಯವಲ್ಲ.

ಮರುಪ್ರಶ್ನೆ: ತಂತಿ ದೂರದಲ್ಲಿದೆ. ನವರಾತ್ರಿಯವರೆಗೆ ಕಾಯುತ್ತೇನೆ. ಆದರೆ ಗೆಳೆಯರು ಕೊಡುವುದು ಬೆಳೆದ ಹಕ್ಕಿಗಳನ್ನು. ಬಿಟ್ಟರೆ ಅವರ ಮನೆಗೇ ಹಿಂದಿರುಗುವುದಿಲ್ಲವೇ?

ಉತ್ತರ: ಹೆಚ್ಚಿನವು ಹಿಂದಿರುಗುತ್ತವೆ. ಆದ್ದರಿಂದ ಅವನ್ನು ಹಾರಿಸಬೇಡಿ. ಮೂರು ಜೋಡಿಗಳನ್ನು ಮಾತ್ರ ತಂದು ಗೂಡಿನೊಳಗೇ ಮರಿ ಮಾಡಿಸಿ. ಜೋಡಿ ಎರಡು ಮೊಟ್ಟೆ ಇಡುತ್ತದೆ, ಸುಮಾರು 18 ದಿನಕ್ಕೆ ಮರಿಯಾಗುತ್ತದೆ, ಗಂಡು ಹೆಣ್ಣು ಎರಡೂ ಗಂಟಲ ಚೀಲದ ಹಾಲನ್ನು ಉಣಿಸುತ್ತವೆ. ನಾಲ್ಕೈದು ವಾರಕ್ಕೆ ತಾವೇ ಕಾಳು ತಿನ್ನತೊಡಗಿದ ಮರಿಗಳನ್ನು ಒಂದು ಜಾಲರಿ ಪೆಟ್ಟಿಗೆಯಲ್ಲಿ ಗೂಡಿನ ಮಾಡಿನ ಮೇಲೆ ದಿನಾ ಸ್ವಲ್ಪ ಹೊತ್ತು ಕೂರಿಸಿ, ಸುತ್ತಲಿನ ನೋಟ ಕಣ್ಣಿಗೆ ಹಿಡಿಯಲಿ. ಕಾಳಿನ ಡಬ್ಬಿ ಅಲ್ಲಾಡಿಸಿದ ಸದ್ದಿಗೆ ಒಳಗೆ ಓಡಿಬರುವಂತೆ ರೂಢಿಸಿದ ಮೇಲೆ, ಸಂಜೆ ಹಸಿದಿರುವಾಗ ಬಿಡಿ. ಗಿಡುಗ ಸುತ್ತಾಡಿದ ದಿನ ಹಾರಿಸಬೇಡಿ. ಕೆಲವು ತಿಂಗಳಾದ ಮೇಲೆ ಲಾಗ ಶುರುವಾಗುತ್ತದೆ. ಲಾಗ ನಿಲ್ಲಿಸಲಾರದೆ ನೆಲಕ್ಕೆ ಬಡಿಯುವ ಹಕ್ಕಿಯನ್ನು ಮತ್ತೆ ಹಾರಿಸಲೂಬಾರದು, ಅದರಿಂದ ಮರಿ ತೆಗೆಯಲೂಬಾರದು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮಂಗಳೂರಿನಿಂದ ಕೇಳುತ್ತಿದ್ದೇನೆ. ಗೂಡು ಗುಡಿಸಿದ ದಿನ ರಾತ್ರಿ ನನ್ನ ತಂದೆಯವರಿಗೆ ಜ್ವರ, ಒಣ ಕೆಮ್ಮು ಬರುತ್ತದೆ. ಮರುದಿನ ತಾನಾಗಿಯೇ ಕಡಿಮೆಯಾಗುತ್ತದೆ. ಇದಕ್ಕೂ ಹಕ್ಕಿಗಳಿಗೂ ಸಂಬಂಧ ಇರಬಹುದೇ?

ಉತ್ತರ: ಖಂಡಿತ ಇರಬಹುದು. ನಾನು ಪ್ರಾಣಿಗಳ ವೈದ್ಯ. ಅವರನ್ನು ತಡಮಾಡದೆ ಶ್ವಾಸಕೋಶ ತಜ್ಞರ ಬಳಿ ಕರೆದೊಯ್ದು, ಮನೆಯಲ್ಲಿ ಪಾರಿವಾಳಗಳಿವೆ ಎಂದು ಮೊದಲೇ ಹೇಳಿ. ಗರಿಯ ಪುಡಿ ಮತ್ತು ಒಣ ಹಿಕ್ಕೆಯ ದೂಳು ಕೆಲವರ ಶ್ವಾಸಕೋಶಕ್ಕೆ ಒಗ್ಗುವುದಿಲ್ಲ. ಉಸಿರಾಡಿದ ನಾಲ್ಕರಿಂದ ಎಂಟು ಗಂಟೆಗಳ ನಂತರ ನೀವು ಹೇಳಿದಂಥದೇ ಲಕ್ಷಣಗಳು ಕಾಣಿಸುತ್ತವೆ, ವರ್ಷಗಟ್ಟಲೆ ಮುಂದುವರಿದರೆ ಶ್ವಾಸಕೋಶ ಶಾಶ್ವತವಾಗಿ ಗಟ್ಟಿಯಾಗಬಹುದು. ತಜ್ಞರು ನೋಡುವವರೆಗೆ ಅವರು ಗೂಡಿನ ಹತ್ತಿರ ಹೋಗುವುದು ಬೇಡ. ಗುಡಿಸುವವರು ಎನ್95 ಮಾಸ್ಕ್ ಧರಿಸಿ, ಒಣ ಹಿಕ್ಕೆಗೆ ನೀರು ಚಿಮುಕಿಸಿ ಕೆರೆದು ತೆಗೆಯಲಿ, ಬಟ್ಟೆಯನ್ನು ಹೊರಗೇ ಬದಲಿಸಲಿ.